ಎಲ್‌ಇಪಿ ಅಂದರೆ ಯಾರು? ಮನೆಮಾತಿನ ಲೆಕ್ಕವೇ ಬೇರೆ

ಅಮೆರಿಕದ ಯಾವುದಾದರೂ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಅಂಕಿಅಂಶ ತೆಗೆದರೆ ಎರಡು ಸಂಖ್ಯೆಗಳು ಸಿಗುತ್ತವೆ. ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವವರು ಎಷ್ಟು ಅನ್ನುವುದು ಒಂದು. ಎಲ್‌ಇಪಿ, ಅಂದರೆ ಲಿಮಿಟೆಡ್ ಇಂಗ್ಲಿಷ್ ಪ್ರೊಫಿಷಿಯೆಂಟ್ (ಇಂಗ್ಲಿಷ್ ಮೇಲಿನ ಹಿಡಿತ ಸೀಮಿತವಾಗಿರುವ) ಜನ ಎಷ್ಟು ಅನ್ನುವುದು ಇನ್ನೊಂದು. ಎರಡೂ ಒಂದೇ ಅಂತ ಓದಿಕೊಂಡರೆ ಆ ಊರಿನ ಜನರ ಬಗ್ಗೆ ತಪ್ಪು ಚಿತ್ರ ಮೂಡುತ್ತದೆ.

ಅಲ್ಲಿನ ಸೆನ್ಸಸ್ ಬ್ಯೂರೋ ಪ್ರತಿ ವರ್ಷ ಸುಮಾರು 35 ಲಕ್ಷ ವಿಳಾಸಗಳಿಗೆ ಅಮೆರಿಕನ್ ಕಮ್ಯುನಿಟಿ ಸರ್ವೆಯ ಫಾರಂ ಕಳಿಸುತ್ತದೆ. 5 ವರ್ಷ ತುಂಬಿದವರ ಬಗ್ಗೆ ಕೇಳುವುದು ಇಷ್ಟು: ಮನೆಯಲ್ಲಿ ಇಂಗ್ಲಿಷ್ ಅಲ್ಲದ ಭಾಷೆ ಆಡುತ್ತಾರಾ? ಯಾವ ಭಾಷೆ? ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ? ಕೊನೆಯ ಪ್ರಶ್ನೆಗೆ ನಾಲ್ಕು ಉತ್ತರ: ತುಂಬಾ ಚೆನ್ನಾಗಿ, ಚೆನ್ನಾಗಿ, ಅಷ್ಟೇನೂ ಇಲ್ಲ, ಸ್ವಲ್ಪವೂ ಇಲ್ಲ.

'ತುಂಬಾ ಚೆನ್ನಾಗಿ' ಅಂದವರನ್ನು ಬಿಟ್ಟು ಉಳಿದವರೆಲ್ಲ ಎಲ್‌ಇಪಿ. ಅಂದರೆ 'ಚೆನ್ನಾಗಿ ಬರುತ್ತದೆ' ಅಂದವರೂ ಅದರಲ್ಲೇ ಸೇರುತ್ತಾರೆ! ಪರೀಕ್ಷೆ ಅಂತೇನೂ ಇಲ್ಲ. ಎಷ್ಟೋ ಸಲ ಮನೆಯ ಒಬ್ಬರೇ ಎಲ್ಲರ ಪರವಾಗಿ ಫಾರಂ ತುಂಬುತ್ತಾರೆ. ದಿನವೂ ಇಂಗ್ಲಿಷಿನಲ್ಲೇ ಕೆಲಸ ಮಾಡುವವರು ಸಂಕೋಚದಿಂದ 'ಚೆನ್ನಾಗಿ' ಅಂದರೂ ಸಾಕು, ಈ ಲೆಕ್ಕಕ್ಕೆ ಬಂದುಬಿಡುತ್ತಾರೆ. ಹಾಗಾಗಿ ಎಲ್‌ಇಪಿ ಅಂದರೆ ಇಂಗ್ಲಿಷ್ ಬಾರದವರು ಅಂತ ಬರೆಯುವುದು ಅನ್ಯಾಯ.

ಇಡೀ ದೇಶದಲ್ಲಿ ಐದರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನ ಮನೆಯಲ್ಲಿ ಬೇರೆ ಭಾಷೆ ಆಡುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇಂಗ್ಲಿಷ್ 'ತುಂಬಾ ಚೆನ್ನಾಗಿ' ಬರುತ್ತದೆ. ಮನೆಯಲ್ಲಿ ಕನ್ನಡ ಆಡಿಕೊಂಡು ಆಫೀಸಿನಲ್ಲಿ ಸಲೀಸಾಗಿ ಇಂಗ್ಲಿಷ್ ಆಡುವವರು ಮೊದಲ ಸಂಖ್ಯೆಯಲ್ಲಿದ್ದಾರೆ, ಎರಡನೆಯದರಲ್ಲಿ ಇಲ್ಲ. ಅಂದಹಾಗೆ, ಸರ್ವೆಯ ಭಾಷಾವಾರು ಪಟ್ಟಿಯಲ್ಲಿ ತಮಿಳು, ತೆಲುಗಿಗೆ ಪ್ರತ್ಯೇಕ ಸಾಲು ಇದೆ. ಕನ್ನಡವನ್ನು ಮಲಯಾಳಂ ಮತ್ತು ಇತರ ದ್ರಾವಿಡ ಭಾಷೆಗಳ ಜೊತೆ ಸೇರಿಸಿದ್ದಾರೆ. ನಮ್ಮವರಷ್ಟನ್ನೇ ಬೇರೆ ಮಾಡಿ ನೋಡೋಣ ಅಂದರೆ ಅಲ್ಲಿ ಆಗುವುದಿಲ್ಲ.

ಈ ಸಂಖ್ಯೆ ಸುಮ್ನೆ ಕೂತಿರುವುದಿಲ್ಲ. 1975ರಲ್ಲಿ ಮತದಾನ ಹಕ್ಕು ಕಾಯ್ದೆಗೆ ಸೇರಿದ 203ನೇ ವಿಧಿ ಇದನ್ನೇ ನೆಚ್ಚಿಕೊಂಡಿದೆ. ಕೌಂಟಿಯಂಥ ಒಂದು ಪ್ರದೇಶದಲ್ಲಿ ಮತದಾನದ ವಯಸ್ಸಿನ, ಒಂದೇ ಭಾಷೆಯ ಎಲ್‌ಇಪಿ ನಾಗರಿಕರು 10,000 ದಾಟಿದರೆ, ಅಥವಾ ಅಲ್ಲಿನ ಮತದಾನದ ವಯಸ್ಸಿನ ನಾಗರಿಕರಲ್ಲಿ ಶೇ. 5ಕ್ಕಿಂತ ಹೆಚ್ಚಿದ್ದರೆ, ಜೊತೆಗೆ ಅವರಲ್ಲಿ ಅನಕ್ಷರತೆ ಇಡೀ ದೇಶದ ಪ್ರಮಾಣಕ್ಕಿಂತ ಹೆಚ್ಚಿದ್ದಲ್ಲಿ, ಆ ಭಾಷೆಯಲ್ಲೂ ಮತಪತ್ರ ಕೊಡಬೇಕು. ಇದು ಸ್ಪ್ಯಾನಿಷ್, ಏಷ್ಯಾದ ಭಾಷೆಗಳು, ಅಮೆರಿಕದ ಮೂಲನಿವಾಸಿಗಳ ಭಾಷೆಗಳಿಗೆ ಮಾತ್ರ. ಸರ್ಕಾರಿ ಸೇವೆಗಳಲ್ಲಿ ಎಲ್‌ಇಪಿ ಜನರಿಗೆ ಭಾಷೆಯ ನೆರವು ಸಿಗಲಿ ಅಂತ 2000ದಲ್ಲಿ ಹೊರಟ ಅಧ್ಯಕ್ಷರ ಆದೇಶ 2025ರಲ್ಲಿ ರದ್ದಾಯಿತು. 203ನೇ ವಿಧಿ ಕಾಯ್ದೆಯ ಭಾಗವಾದ್ದರಿಂದ ಅದು ಹಾಗೆಯೇ ಉಳಿದಿದೆ.

ಇದೇ ಉತ್ತರಗಳಿಂದ ಇಡೀ ಮನೆಯ ಲೆಕ್ಕವನ್ನೂ ಹಾಕುತ್ತಾರೆ. 14 ವರ್ಷ ತುಂಬಿದ ಒಬ್ಬರಿಗೂ ಇಂಗ್ಲಿಷ್ 'ತುಂಬಾ ಚೆನ್ನಾಗಿ' ಬಾರದಿದ್ದರೆ ಅದು 'ಸೀಮಿತ ಇಂಗ್ಲಿಷ್ ಮನೆ'. ಹತ್ತು ವರ್ಷದ ಮಗು ಪಟಪಟ ಇಂಗ್ಲಿಷ್ ಮಾತಾಡಿದರೂ ಲೆಕ್ಕ ಬದಲಾಗದು. ಇದು ನನಗೆ ತುಂಬಾ ಸರಿ ಅನ್ನಿಸುತ್ತದೆ. ಅಜ್ಜಿಯ ಕಾಯಿಲೆ ಏನು ಅಂತ ಡಾಕ್ಟರಿಗೆ ವಿವರಿಸುವ ಹೊಣೆಯನ್ನು ಆ ಮಗುವಿನ ಮೇಲೆ ಹೊರಿಸಬಾರದು, ಅಲ್ವಾ?