ರಾಜಿ ಮಾಡಿಸುವುದು ನಮ್ಮ ಕೆಲಸ ಅಲ್ಲ

ಯುದ್ಧ, ದಬ್ಬಾಳಿಕೆ ಮುಗಿದ ದೇಶಗಳಲ್ಲಿ ನೊಂದವರಿಗೆ ನ್ಯಾಯ ಸಿಗಲು ನೆರವಾಗುವುದು ನನ್ನ ಕೆಲಸ. ಮಂಡ್ಯದ ಕಡೆ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಈ ಮಾತು ತಪ್ಪಿದ್ದಲ್ಲ. ‘ಏನವ್ವಾ, ರಾಜಿ ಮಾಡ್ಸೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮೂರಲ್ಲೇ ಬೇಕಾದಷ್ಟು ವ್ಯಾಜ್ಯ ಬಿದ್ದಾವಲ್ಲ!’ ದೊಡ್ಡವರು ತಮಾಷೆಗೆ ಅನ್ನುತ್ತಾರೆ, ನಗುತ್ತೇನೆ. ಆದರೆ ಮೈಸೂರಿನ ಲಾ ಕಾಲೇಜು ಮಕ್ಕಳೂ ಇದನ್ನೇ ಕೇಳಿದಾಗ ರೇಗುತ್ತದೆ. ಈ ಕೆಲಸಕ್ಕೆ ಟ್ರಾನ್ಸಿಷನಲ್ ಜಸ್ಟೀಸ್ ಅನ್ನುತ್ತಾರೆ. ಹಾಗಂದರೆ ಕೊಂದವರನ್ನೂ ಕಳೆದುಕೊಂಡವರನ್ನೂ ಎದುರುಬದುರು ಕೂರಿಸಿ, ‘ಆಗಿದ್ದು ಆಗೋಯ್ತು, ಕ್ಷಮಿಸಿಬಿಡಿ’ ಅಂತ ಒಪ್ಪಿಸುವುದು ಎಂದೇ ಅವರ ಲೆಕ್ಕ.

ಅವರ ತಲೆಯಲ್ಲಿರುವುದು ದಕ್ಷಿಣ ಆಫ್ರಿಕಾ. ಅಲ್ಲಿ ವರ್ಣಭೇದದ ಆಡಳಿತ ಮುಗಿದ ಮೇಲೆ, ಆ ಕಾಲದ ದೌರ್ಜನ್ಯಗಳ ಸತ್ಯ ಹೊರತೆಗೆಯಲು ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಆಯೋಗ 1996ರಲ್ಲಿ ಸಾರ್ವಜನಿಕ ವಿಚಾರಣೆ ಶುರು ಮಾಡಿತು. ಟಿವಿಯಲ್ಲಿ ಕಂಡ ಕಣ್ಣೀರು ಎಲ್ಲರಿಗೂ ನೆನಪಿದೆ, ಕಾನೂನು ಮಾತ್ರ ಯಾರೂ ಓದಿಲ್ಲ. ಅಮ್ನೆಸ್ಟಿ, ಅಂದರೆ ಶಿಕ್ಷೆಯಿಂದ ವಿನಾಯಿತಿ, ಬೇಕಾದವನು ತನ್ನ ಕೃತ್ಯ ರಾಜಕೀಯ ಉದ್ದೇಶದ್ದು ಅಂತ ತೋರಿಸಬೇಕಿತ್ತು. ನಡೆದದ್ದನ್ನೆಲ್ಲ ಬಿಚ್ಚಿ ಹೇಳಬೇಕಿತ್ತು. ಕ್ಷಮೆ ಕೇಳಲೇಬೇಕು ಅಂತ ಕಾನೂನಿನಲ್ಲಿ ಇರಲೇ ಇಲ್ಲ! ಪಶ್ಚಾತ್ತಾಪವೂ ಕಡ್ಡಾಯ ಅಲ್ಲ. ಏಳು ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು, ಅಮ್ನೆಸ್ಟಿ ಸಿಕ್ಕಿದ್ದು ಅವರಲ್ಲಿ ಸ್ವಲ್ಪ ಮಂದಿಗೆ ಮಾತ್ರ.

ಅವರಿಗೆ ಸಿಕ್ಕಿದ್ದಾದರೂ ಏನು? ಇನ್ನು ಕೇಸು ಹಾಕುವುದಿಲ್ಲ ಅನ್ನುವ ಸರ್ಕಾರದ ಮಾತು, ಅಷ್ಟೇ. ಮಗನನ್ನು ಕಳೆದುಕೊಂಡ ತಾಯಿ ಕ್ಷಮಿಸಿದಳು ಅಂತ ಅದರ ಅರ್ಥ ಅಲ್ಲ. ಕ್ಷಮಿಸುವುದು ಬಿಡುವುದು ಆಕೆಗೆ ಸೇರಿದ್ದು. ಆಯೋಗಕ್ಕೆ ಆ ಅಧಿಕಾರವಿಲ್ಲ, ವಿಮಾನದಲ್ಲಿ ಬಂದಿಳಿಯುವ ನನ್ನಂಥವರಿಗಂತೂ ಇಲ್ಲವೇ ಇಲ್ಲ. ವರ್ಣಭೇದದ ವಿರುದ್ಧ ಹೋರಾಡಿ ಪೊಲೀಸರ ವಶದಲ್ಲಿ ಸತ್ತ ಸ್ಟೀವ್ ಬಿಕೋ ಅವರ ಮನೆಯವರು ಈ ಅಮ್ನೆಸ್ಟಿಯೇ ಬೇಡ ಅಂತ ಕೋರ್ಟಿಗೆ ಹೋದರು. 1996ರಲ್ಲಿ ಸೋತರು. ಆದರೆ 1999ರಲ್ಲಿ ಆಯೋಗವೇ ಆ ಪೊಲೀಸರ ಅರ್ಜಿಗಳನ್ನು ತಿರಸ್ಕರಿಸಿತು. ಹಾಗಂತ ಅಮ್ನೆಸ್ಟಿ ಸಿಗದವರಿಗೆಲ್ಲ ಶಿಕ್ಷೆ ಆಯ್ತು ಅಂದುಕೊಳ್ಳಬೇಡಿ. ಬಹುತೇಕರ ಮೇಲೆ ಕೇಸೇ ನಡೆಯಲಿಲ್ಲ. ಅಲ್ಲಿನ ಜನರಿಗೆ ಆ ಸಿಟ್ಟು ಇನ್ನೂ ಇದೆ.

ಹಾಗಾದರೆ ನಾವು ಮಾಡುವುದೇನು? ನೇಪಾಳದಲ್ಲಿ ಮಾವೋವಾದಿಗಳಿಗೂ ಸರ್ಕಾರಕ್ಕೂ ನಡೆದ ಹತ್ತು ವರ್ಷದ ಯುದ್ಧ 2006ರಲ್ಲಿ ಮುಗಿಯಿತು. ಸಾವಿರಕ್ಕೂ ಜಾಸ್ತಿ ಜನ ಇವತ್ತಿಗೂ ಪತ್ತೆಯಿಲ್ಲ. ಬಾರ್ದಿಯಾ ಜಿಲ್ಲೆಯಲ್ಲಿ ಅತಿ ಹೆಚ್ಚು, ಅವರಲ್ಲಿ ಬಹಳಷ್ಟು ಮಂದಿ ಥಾರು ಜನಾಂಗದ ಬಡವರು. ಅಲ್ಲೊಬ್ಬಾಕೆಯ ಗಂಡನನ್ನು ರಾತ್ರಿ ಕರೆದೊಯ್ದಿದ್ದರು. ಜಮೀನು ಆತನ ಹೆಸರಲ್ಲಿದೆ. ಖಾತೆ ಬದಲಾಯಿಸಬೇಕಾದರೆ ಮರಣ ಪ್ರಮಾಣಪತ್ರ ತನ್ನಿ ಅಂದರು ಕಚೇರಿಯವರು. ಆಕೆ ಕೈತುಂಬಾ ಕೆಂಪು ಬಳೆ, ಬೈತಲೆಯಲ್ಲಿ ಸಿಂಧೂರ ಇಟ್ಟುಕೊಂಡೇ ಕಚೇರಿಗೆ ಬಂದಿದ್ದಳು. ಗಂಡ ಸತ್ತ ಅಂತ ಸಹಿ ಹಾಕಲು ಒಪ್ಪಲಿಲ್ಲ. ಹೆಣ ಕಂಡಿಲ್ಲ, ಹೇಗೆ ಹಾಕ್ತಾಳೆ? ಅತ್ತೆ ಪಕ್ಕದಲ್ಲೇ ಕೂತಿದ್ದಳು ಬೇರೆ. ಕ್ಷಮೆಯ ಮಾತು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಇದೇ ತೊಡಕಿಗೆ ಅರ್ಜೆಂಟೀನಾ 1994ರಲ್ಲಿ ಒಂದು ಕಾನೂನು ಮಾಡಿತು. ಅದರ ಪ್ರಕಾರ ಮನುಷ್ಯ ಸತ್ತ ಅಂತ ಘೋಷಿಸಬೇಕಿಲ್ಲ, ಬಲವಂತವಾಗಿ ಕಾಣೆಯಾದವನು ಅಂತ ದಾಖಲಿಸಿದರೆ ಸಾಕು. ಮನೆಯವರಿಗೆ ಆಸ್ತಿಯ ಹಕ್ಕು ಸಿಗುತ್ತದೆ. ಶ್ರೀಲಂಕಾ 2016ರಲ್ಲಿ ಹೀಗೇ ಗೈರುಹಾಜರಿ ಪ್ರಮಾಣಪತ್ರ ತಂದಿತು. ಅರ್ಜಿ ನಮೂನೆಯಲ್ಲಿ ಇಂಥ ಒಂದು ಕಾಲಂ ಸೇರಿಸುವುದಕ್ಕೆ ನಮ್ಮವರು ವರ್ಷಗಟ್ಟಲೆ ಅಲೆದಿದ್ದಾರೆ. ಎಲ್ಲ ದೇಶಕ್ಕೂ ಇದು ಹೊಂದುತ್ತದೆ ಅಂತ ಹೇಳಲಾರೆ. ಕೆಲವು ಮನೆಯವರು, ಕಾಗದ ಕೊಟ್ಟು ಹುಡುಕುವುದನ್ನು ನಿಲ್ಲಿಸ್ತಾರೆ ಅಂತ ಅದನ್ನೂ ಬೇಡ ಅಂದಿದ್ದಾರೆ. ಅವರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ.

ಈ ಕೆಲಸಕ್ಕೆ ಬರುತ್ತೀನಿ ಅನ್ನುವ ಮಕ್ಕಳು ಭಾಷಣ ಬಿಟ್ಟು, ಹೇಳಿಕೆ ಬರೆದುಕೊಳ್ಳುವುದನ್ನು ಕಲಿಯಿರಿ. ಹೋಗುವ ಊರಿನ ಭಾಷೆ ಒಂದಿಷ್ಟಾದರೂ ಬರಲಿ. ಇನ್ನೊಂದು, ಇಲ್ಲಿ ಕೆಲಸ ಹೆಚ್ಚಾಗಿ ಗುತ್ತಿಗೆ ಮೇಲೆ. ವಿಜಯನಗರದಲ್ಲಿ ಸೈಟಿಗೆ ಸಾಲ ಮಾಡುವ ಮುಂಚೆ ಮನೆಯವರಿಗೆ ಇದನ್ನು ಹೇಳಿಬಿಡಿ.