ಯುನಿಟ್ ಸರ್ಕಲ್ ಅಂದ್ರೇನು, ಅದ್ರಿಂದ ತ್ರಿಕೋನಮಿತಿ ಪಾಠ ಕಟ್ಟೋದು ಹೇಗೆ

ಮೂಲಬಿಂದುನೇ ಕೇಂದ್ರ ಆಗಿರೋ, ತ್ರಿಜ್ಯ 1 ಇರೋ ವೃತ್ತನೇ ಯುನಿಟ್ ಸರ್ಕಲ್. (1, 0) ಇಂದ ಹೊರಟು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಲ್ಲಿ ಎಷ್ಟು ಕೋನ ತಿರುಗ್ತೀವೋ, ಅಲ್ಲಿ ಸಿಗೋ ಬಿಂದುವಿನ ಎಕ್ಸ್ ಬೆಲೆ ಆ ಕೋನದ ಕಾಸ್, ವೈ ಬೆಲೆ ಸೈನ್.

ಎಸ್ಸೆಸ್ಸೆಲ್ಸಿಲಿ ಮಕ್ಳು ಕಲ್ತಿರೋದು ಲಂಬಕೋನ ತ್ರಿಭುಜ, ಅಭಿಮುಖ ಬಾಹುನ ವಿಕರ್ಣದಿಂದ ಭಾಗಿಸೋದು. ಫಸ್ಟ್ ಪಿಯುಸಿಲಿ ಸೈನ್ 150 ಡಿಗ್ರಿ ಅಂದ ತಕ್ಷಣ ಕಂಗಾಲಾಗ್ತಾರೆ, ಯಾಕಂದ್ರೆ ಲಂಬಕೋನ ತ್ರಿಭುಜದೊಳಗೆ 150ರ ಕೋನ ಹಿಡಿಸೋದೇ ಇಲ್ಲ. ವೃತ್ತದಲ್ಲಿ ವಿಕರ್ಣದ ಜಾಗಕ್ಕೆ ತ್ರಿಜ್ಯ ಬರುತ್ತೆ, ಅದು 1 ಆಗಿರೋದ್ರಿಂದ ಭಾಗಿಸೋ ಕೆಲಸನೇ ಇಲ್ಲ, ಸೈನ್ ಅನ್ನೋದು ಅಳೆಯೋಕಾಗೋ ಎತ್ತರ ಆಗ್ಬಿಡುತ್ತೆ. ಆರ್ಯಭಟನ ಜ್ಯಾ (ಈಗಿನ ಸೈನ್‌ನ ಹಳೇ ರೂಪ) ಕೂಡ ವೃತ್ತದೊಳಗಿನ ಉದ್ದವೇ, ತ್ರಿಜ್ಯ ಮಾತ್ರ 3438.

ಅದಕ್ಕೇ ಮೊದಲನೇ ಪೀರಿಯಡ್ಡಲ್ಲಿ ಬೆಲೆ ತುಂಬಿದ ಚಾರ್ಟ್ ದಯವಿಟ್ಟು ಕೊಡ್ಬೇಡಿ, ಕೊಟ್ರೆ ಬಾಯಿಪಾಠಕ್ಕೆ ಬೀಳ್ತಾರೆ. ದೊಡ್ಡ ಗ್ರಾಫ್ ಶೀಟಲ್ಲಿ 10 ಸೆಂ.ಮೀ. ತ್ರಿಜ್ಯದ ವೃತ್ತ ಹಾಕ್ಸಿ (ಕೈವಾರ ಅಷ್ಟು ಅಗಲ ಆಗ್ದಿದ್ರೆ ದಾರ ಪೆನ್ಸಿಲ್ ಸಾಕು), 10 ಸೆಂ.ಮೀ. ಅಂದ್ರೆ 1 ಅಂತ ಇಟ್ಕೊಂಡ್ರೆ ಒಂದೊಂದು ಮಿ.ಮೀ.ನೂ 0.01. 30 ಡಿಗ್ರಿಲಿ ಎತ್ತರ 5 ಸೆಂ.ಮೀ. ಬರುತ್ತೆ, ಅಂದ್ರೆ 0.5, 150ರಲ್ಲೂ ಅದೇ ಎತ್ತರ, ಆದ್ರೆ ಎಕ್ಸ್ ಎಡಗಡೆಗೆ ಹೋಗಿ ಸುಮಾರು −0.87 ಆಗಿರುತ್ತೆ. ಪ್ಲಸ್ಸು ಮೈನಸ್ಸು ಯಾಕೆ ಬದಲಾಗುತ್ತೆ ಅಂತ ಆಮೇಲೆ ಬೇರೆ ಹೇಳೋದೇ ಬೇಡ, ಅವ್ರೇ ಅಳೆದು ನೋಡಿರ್ತಾರೆ.

ರೇಡಿಯನ್‌ಗೂ ಇದೇ ಹಾಳೆ ಸಾಕು. 10 ಸೆಂ.ಮೀ. ದಾರನ ವೃತ್ತದ ಅಂಚಿಗೆ ಕೂರಿಸಿ ಕೋನಮಾಪಕ ಇಟ್ರೆ 57 ಡಿಗ್ರಿ ಚಿಲ್ರೆ, ಅದೇ 1 ರೇಡಿಯನ್, ಪೂರ್ತಿ ಸುತ್ತೋಕೆ ಅಂಥ ದಾರ 6 ಹಿಡಿದು ಇನ್ನೂ ಸ್ವಲ್ಪ ಬೇಕಾಗುತ್ತೆ, 2π ಅಂದ್ರೆ ಅದೇ. ಕಾಸ್ ವರ್ಗ ಕೂಡಿಸು ಸೈನ್ ವರ್ಗ 1 ಅನ್ನೋದು ಪೈಥಾಗೊರಸ್ಸೇ, ಬೇಗ ಮುಗಿಯುತ್ತೆ. ಟ್ಯಾನ್‌ಗೆ ಮಾತ್ರ ಟೈಮ್ ಕೊಡಿ: (1, 0) ಹತ್ರ ನೇರ ಮೇಲಕ್ಕೆ ಸ್ಪರ್ಶಕ ಎಳೆಸಿ, ಕೋನದ ಗೆರೆ ಮುಂದುವರಿಸಿ, ಅದು ಸ್ಪರ್ಶಕಕ್ಕೆ ತಾಗೋ ಎತ್ತರನೇ ಟ್ಯಾನ್. 80, 85 ಅಂತ ಹೋದ ಹಾಗೆ ಆ ಬಿಂದು ಹಾಳೆ ದಾಟಿ ಹೋಗುತ್ತೆ, 90ಕ್ಕೆ ಎರಡೂ ಗೆರೆ ಸಮಾಂತರ, ತಾಗೋದೇ ಇಲ್ಲ.

ಇಷ್ಟಾದ್ಮೇಲೆ ಚಾರ್ಟ್ ಇಲ್ದೆ ಸೈನ್ 210 ಕೇಳಿ, ಚಿತ್ರ ಬರೆದು −0.5 ಅಂದ್ರೆ ಧೈರ್ಯವಾಗಿ ಸೈನ್, ಕಾಸ್‌ಗಳ ಗ್ರಾಫ್ ಎಳೆಯೋ ಪಾಠಕ್ಕೆ ಹೋಗ್ಬಹುದು, ಇಲ್ಲಾಂದ್ರೆ ಇನ್ನೊಂದು ಪೀರಿಯಡ್ ವೃತ್ತದಲ್ಲೇ ಇರಿ.