ಮೂರು ಆಟಗಳು, ಒಂದೇ ಜಿಗಿತ

ರಗ್ಬಿ ಲೀಗ್ ಆಡಿ ಬೆಳೆದ ಹುಡುಗ ರಗ್ಬಿ ಯೂನಿಯನ್‌ಗೆ ಬಂದಾಗ ಮೊದಲ ವಾರ ನಾನು ಅವನ ವೇಗ ಅಳೆಯುವುದಿಲ್ಲ. ಕೆಳಗೆ ಬಿದ್ದ ಮೇಲೆ ಏನು ಮಾಡುತ್ತಾನೆ ಎಂದು ನೋಡುತ್ತೇನೆ. ಬಹುತೇಕ ಎಲ್ಲರೂ ಚೆಂಡನ್ನು ಅವುಚಿಕೊಂಡೇ ಎದ್ದು ನಿಲ್ಲಲು ಹವಣಿಸುತ್ತಾರೆ. ಲೀಗ್‌ನಲ್ಲಿ ಅದು ಸರಿ. ಹದಿಮೂರು ಮಂದಿಯ ಆ ಆಟ ಈ ವಿಷಯದಲ್ಲಿ ನಮ್ಮ ಕಬಡ್ಡಿಗೆ ಹತ್ತಿರ: ಗಟ್ಟಿಯಾಗಿ ಹಿಡಿದರೆ ಆ ಸುತ್ತು ಮುಗಿಯಿತು. ಹಿಡಿಸಿಕೊಂಡವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ, ಆಟ ಮುಂದುವರಿಯುತ್ತದೆ. ಆರನೆಯ ಸಲ ಹಿಡಿದರೆ ಚೆಂಡು ಎದುರಾಳಿಯದು. ಹದಿನೈದು ಮಂದಿಯ ಯೂನಿಯನ್‌ನಲ್ಲಿ ಬಿದ್ದವನು ಕೂಡಲೇ ಚೆಂಡು ಬಿಡಬೇಕು. ಬಿಟ್ಟ ಚೆಂಡಿನ ಮೇಲೆ ಎರಡೂ ಕಡೆಯವರು ಬಾಗಿ ತಳ್ಳಾಡುತ್ತಾರೆ. ನಿಜವಾದ ಪೈಪೋಟಿ ಶುರುವಾಗುವುದೇ ಆಗ. ನಿಯಮವನ್ನು ಒಂದು ಮಧ್ಯಾಹ್ನದಲ್ಲಿ ಹೇಳಿಕೊಡಬಹುದು. ಬೆನ್ನು, ಕುತ್ತಿಗೆ, ಸೊಂಟಕ್ಕೆ ಅದನ್ನು ಕಲಿಸಲು ಒಂದು ಋತುವೇ ಬೇಕು.

ಈ ದಾಟುವಿಕೆಯ ಮಾತು ಬಂದಾಗ ನಾನು ತೆಗೆದುಕೊಳ್ಳುವ ಉದಾಹರಣೆ ಇಸ್ರೇಲ್ ಫೊಲಾವ್ ಅವರದು. ಟೋಂಗಾ ಮೂಲದ ತಂದೆತಾಯಿಗೆ 1989ರಲ್ಲಿ ಸಿಡ್ನಿಯ ಮಿಂಟೋದಲ್ಲಿ ಹುಟ್ಟಿದವರು. ಮೆಲ್ಬರ್ನ್ ಸ್ಟಾರ್ಮ್ ತಂಡದಲ್ಲಿ 2007ರ ಮೊದಲ ಋತುವಿನಲ್ಲೇ 21 ಟ್ರೈ (ಎದುರಾಳಿಯ ಗಡಿಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಅಂಕ ಪಡೆಯುವುದು) ಗಳಿಸಿ, ಅದೇ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಲೀಗ್ ತಂಡಕ್ಕೆ ಆಡಿದರು. ವಯಸ್ಸು ಆಗ 18. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದುವರೆಗೆ ಯಾರೂ ಆ ಜೆರ್ಸಿ ತೊಟ್ಟಿರಲಿಲ್ಲ. ಬ್ರಿಸ್ಬೇನ್ ಬ್ರಾಂಕೋಸ್‌ನಲ್ಲಿ ಎರಡು ವರ್ಷ ಆಡಿ, ಎಲ್ಲರೂ ಹುಬ್ಬೇರಿಸುವಂತೆ ಮೂರನೆಯದೇ ಒಂದು ಆಟವಾದ ಆಸ್ಟ್ರೇಲಿಯನ್ ಫುಟ್‌ಬಾಲ್‌ಗೆ (ಇದು ಸಾಕರ್ ಅಲ್ಲ), ಹೊಸದಾಗಿ ಕಟ್ಟುತ್ತಿದ್ದ ಗ್ರೇಟರ್ ವೆಸ್ಟರ್ನ್ ಸಿಡ್ನಿ ತಂಡಕ್ಕೆ ಹೋದರು. 2012ರಲ್ಲಿ ಅಲ್ಲಿ ಆಡಿದ್ದು 13 ಪಂದ್ಯ, ಹೊಡೆದದ್ದು ಎರಡು ಗೋಲು.

ಇದನ್ನು ಸೋಲು ಎಂದೇ ಎಲ್ಲರೂ ಬರೆದರು. ನನಗೆ ಅದರಲ್ಲಿ ಅಚ್ಚರಿಯಿಲ್ಲ. ಅಂಡಾಕಾರದ ಆ ವಿಶಾಲ ಮೈದಾನದಲ್ಲಿ ಒಬ್ಬ ಆಟಗಾರ ಒಂದೇ ಪಂದ್ಯದಲ್ಲಿ ಹನ್ನೆರಡು ಕಿಲೋಮೀಟರ್‌ಗೂ ಹೆಚ್ಚು ಓಡಬೇಕಾಗಬಹುದು. ರಗ್ಬಿಯಲ್ಲಿ ಅಷ್ಟು ಓಟವಿಲ್ಲ. ಡಿಕ್ಕಿಗೆಂದು ಕಟ್ಟಿದ ನೂರು ಕಿಲೋ ಮೈಯನ್ನು ಓಟಕ್ಕೆಂದು ಇಳಿಸುವುದು ಎಂದರೆ ಕಟ್ಟಿದ ಮನೆಯ ಅಡಿಪಾಯವನ್ನು ಅಗೆದಂತೆ. ಆ ಆಟದಲ್ಲಿ ಗಾಳಿಯಲ್ಲಿನ ಚೆಂಡನ್ನು ಎದುರಾಳಿಯ ತಲೆಯ ಮೇಲಿಂದ ಹಿಡಿಯುವುದೇ ದೊಡ್ಡ ಕಲೆ, ಫೊಲಾವ್ ಅದನ್ನು ಅಲ್ಲೇ ಕಲಿತರು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೀಗ್‌ನಲ್ಲಿ ವಿಂಗ್, ಅಂದರೆ ಮೈದಾನದ ಅಂಚಿನ ಜಾಗದಲ್ಲಿ, ಆಡುವಾಗಲೇ ಮೂಲೆಗೆ ಒದ್ದ ಚೆಂಡನ್ನು ಅವರು ಹಾಗೆ ಹಿಡಿಯುತ್ತಿದ್ದರು. ಎತ್ತರ 194 ಸೆಂಟಿಮೀಟರ್ ಇದೆ ಎಂಬುದು ಅರ್ಧ ಕಾರಣ ಮಾತ್ರ. ಉಳಿದರ್ಧ, ಯಾವ ಕ್ಷಣದಲ್ಲಿ ನೆಲ ಬಿಡಬೇಕು ಎಂಬ ಅಂದಾಜು. ಬೇಗ ಜಿಗಿದವನು ಚೆಂಡು ಬರುವ ಹೊತ್ತಿಗೆ ಇಳಿಯುತ್ತಿರುತ್ತಾನೆ. ಕಾಲಿನ ಬಲವನ್ನು ನಾನು ಹೆಚ್ಚಿಸಬಲ್ಲೆ. ಈ ಅಂದಾಜನ್ನು ಯಾರಿಗೂ ಪೂರ್ತಿ ಕಲಿಸಿದ ನೆನಪು ನನಗಿಲ್ಲ.

ಹಾಗಾಗಿ 2013ರಲ್ಲಿ ವಾರಾಟಾಸ್ ತಂಡದ ಮೂಲಕ ಯೂನಿಯನ್‌ಗೆ ಬಂದಾಗ ಬಿದ್ದ ಚೆಂಡಿನ ಮೇಲಿನ ತಳ್ಳಾಟದಲ್ಲಿ ಅವರು ಹೊಸಬರು, ಗಾಳಿಯಲ್ಲಿ ಹಳಬರು. ಜೂನ್ 22ರಂದು ಬ್ರಿಸ್ಬೇನ್‌ನಲ್ಲಿ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ವಿರುದ್ಧದ ಮೊದಲ ಟೆಸ್ಟ್‌ನಲ್ಲೇ (ರಗ್ಬಿಯಲ್ಲಿ ಅಂತರರಾಷ್ಟ್ರೀಯ ಪಂದ್ಯಕ್ಕೆ ಹಾಗೆನ್ನುತ್ತಾರೆ) ಎರಡು ಟ್ರೈ. ಮರುವಾರ ಮೆಲ್ಬರ್ನ್‌ನಲ್ಲಿ ಮಾತ್ರ ಲಯನ್ಸ್‌ನ ಜಾರ್ಜ್ ನಾರ್ತ್ ಕೈಯಲ್ಲಿ ಚೆಂಡು ಇಟ್ಟುಕೊಂಡೇ, ತಡೆಯಲು ಬಂದ ಫೊಲಾವ್ ಅವರನ್ನು ಮೂಟೆಯಂತೆ ಹೆಗಲಿಗೇರಿಸಿಕೊಂಡು ನಡೆದರು. ನೆಲದ ಮೇಲಿನ ಪಾಠ ಇನ್ನೂ ಬಾಕಿ ಇತ್ತು ಎನ್ನಲು ಆ ದೃಶ್ಯ ಸಾಕು. ಕಲಿತರು. 73 ಟೆಸ್ಟ್‌ಗಳಲ್ಲಿ 37 ಟ್ರೈ ಗಳಿಸಿದರು; ಆಸ್ಟ್ರೇಲಿಯಾದ ವರ್ಷದ ಆಟಗಾರನಿಗೆ ಕೊಡುವ ಜಾನ್ ಈಲ್ಸ್ ಪದಕ ಮೂರು ಬಾರಿ ಬಂತು. ಅದೇ ಜಿಗಿತ ಒಮ್ಮೆ ಮುಳುವೂ ಆಯಿತು: 2018ರಲ್ಲಿ ಐರ್ಲೆಂಡ್ ವಿರುದ್ಧ ಗಾಳಿಯಲ್ಲಿ ಚೆಂಡಿಗಾಗಿ ಸೆಣಸುವಾಗ ಪೀಟರ್ ಒ'ಮಹೊನಿ ಬಿದ್ದು ಗಾಯಗೊಂಡರು, ಫೊಲಾವ್ ಹಳದಿ ಕಾರ್ಡ್ ಪಡೆದರು.

ಸಲಿಂಗಿಗಳೂ ಸೇರಿದಂತೆ ಹಲವರಿಗೆ ನರಕ ಕಾದಿದೆ ಎಂಬ ಸಾಮಾಜಿಕ ಜಾಲತಾಣದ ಬರಹಕ್ಕಾಗಿ 2019ರ ಮೇ ತಿಂಗಳಲ್ಲಿ ರಗ್ಬಿ ಆಸ್ಟ್ರೇಲಿಯಾ ಅವರ ಒಪ್ಪಂದವನ್ನು ರದ್ದುಮಾಡಿತು. ಡಿಸೆಂಬರ್‌ನಲ್ಲಿ ಇಬ್ಬರೂ ರಾಜಿ ಮಾಡಿಕೊಂಡರು. ಆ ಬರಹವನ್ನು ನಾನು ಸಮರ್ಥಿಸಲಾರೆ. ನನ್ನ ವೃತ್ತಿಯ ಕಣ್ಣಿಗೆ ಕಂಡದ್ದು ಅದರ ಮುಂದಿನದು: 2020ರಲ್ಲಿ ಫ್ರಾನ್ಸಿನ ಕ್ಯಾಟಲಾನ್ಸ್ ಡ್ರಾಗನ್ಸ್ ಸೇರಿ ಹತ್ತು ವರ್ಷಗಳ ನಂತರ ಲೀಗ್‌ಗೆ ಮರಳಿದರು, ಮೊದಲ ಪಂದ್ಯದಲ್ಲೇ ಟ್ರೈ ಗಳಿಸಿದರು. ಬಿದ್ದ ಕೂಡಲೇ ಎದ್ದು ನಿಲ್ಲುವ ಅಭ್ಯಾಸವನ್ನು ಮೈ ಮರೆತಿರಲಿಲ್ಲ.

ಆಮೇಲೆ ಜಪಾನ್, ಮತ್ತೆ ಯೂನಿಯನ್. ಅಷ್ಟರಲ್ಲಿ ಆಟಗಾರರು ದೇಶ ಬದಲಿಸುವ ಬಗ್ಗೆ ವಿಶ್ವ ರಗ್ಬಿ ಸಂಸ್ಥೆಯ ನಿಯಮ ಸಡಿಲವಾಯಿತು. 2022ರ ಜನವರಿಯಿಂದ, ಒಂದು ದೇಶಕ್ಕೆ ಆಡಿ 36 ತಿಂಗಳು ಕಳೆದವರು ತಾವು, ತಂದೆತಾಯಿ ಅಥವಾ ಅಜ್ಜ ಅಜ್ಜಿ ಹುಟ್ಟಿದ ದೇಶಕ್ಕೆ ಒಮ್ಮೆ ಬದಲಾಗಬಹುದು. ಸುಮಾರು ಒಂದು ಲಕ್ಷ ಜನರ ಟೋಂಗಾಕ್ಕೆ ಇದು ದೊಡ್ಡ ಬಾಗಿಲು. ನ್ಯೂಜಿಲೆಂಡ್‌ಗೆ ಆಡಿದ್ದ ಚಾರ್ಲ್ಸ್ ಪಿಯುಟಾವ್, ಮಲಕಾಯ್ ಫೆಕಿಟೋವಾ ಅದರಿಂದಲೇ ಬಂದರು. ಫೊಲಾವ್ 2022ರ ಜುಲೈನಲ್ಲಿ ಸುವಾದಲ್ಲಿ ಫಿಜಿ ವಿರುದ್ಧ ಟೋಂಗಾದ ಕೆಂಪು ಜೆರ್ಸಿ ತೊಟ್ಟರು.

ಆಗ ಅವರಿಗೆ 33. ಆ ವಯಸ್ಸಿನಲ್ಲಿ ನಾನು ಜಿಗಿತವನ್ನು ನೋಡುವುದಿಲ್ಲ, ಇಳಿಯುವುದನ್ನು ನೋಡುತ್ತೇನೆ. ಮೊಣಕಾಲು ಒಳಕ್ಕೆ ವಾಲುತ್ತದೆಯೇ, ಒಂದೇ ಪಾದದ ಮೇಲೆ ಭಾರ ಬೀಳುತ್ತದೆಯೇ ಎಂದು. ಮರುವರ್ಷ ಫ್ರಾನ್ಸಿನ ವಿಶ್ವಕಪ್‌ನಲ್ಲಿ ಪಿಯುಟಾವ್, ಫೆಕಿಟೋವಾ ಆಡಿದರು. ಫೊಲಾವ್ ಗಾಯದಿಂದ ಹೊರಗುಳಿದಿದ್ದರು.